ಶುದ್ಧ ತೊಟ್ಟಿಯ ಮೀನುಗಳು

ಧಾರವಾಡದವಳು ಎಂಬ ಒಂದೇ ಅರ್ಹತೆಯ ಮೇಲೆ ನನಗೆ ಪುಣೆಯಲ್ಲಿ ಮೀನಿನ ಮೇಲಿನ ಪಿಎಚ್.ಡಿ.ಗೆ ಜಾಗ ಸಿಕ್ಕಿತು ಎಂದು ಜೊತೆಯವರು ಆಡಿಕೊಳ್ಳುತ್ತಿದ್ದರು. ಮೊದಮೊದಲು ಜಗಳಕ್ಕೆ ನಿಲ್ಲುತ್ತಿದ್ದೆ. ಆಮೇಲೆ ಸುಮ್ಮನಾದೆ. ಪೂರ್ತಿ ಸುಳ್ಳಾಗಿದ್ದರೆ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ಮುಂದೆ ನನ್ನ ಗೈಡ್ ಆದವರು ಸಂದರ್ಶನದಲ್ಲಿ ನನ್ನ ಅಂಕಪಟ್ಟಿಯನ್ನು ಅರ್ಧಂಬರ್ಧ ನೋಡಿ ಪಕ್ಕಕ್ಕಿಟ್ಟು, ಧಾರವಾಡದಲ್ಲಿ ಯಾವ ಓಣಿ ಎಂದು ಕೇಳಿದರು. ಹೇಳಿದೆ. ಅವರ ಸೋದರತ್ತೆಯ ಮನೆ ಅಲ್ಲಿಂದ ಕೂಗಳತೆಯಲ್ಲಿತ್ತಂತೆ. ಅಲ್ಲಿಗೆ ಸಂದರ್ಶನ ಮುಗಿಯಿತು. ಪಕ್ಕದಲ್ಲಿ ಕುಳಿತಿದ್ದ ಮರಾಠಿ ಪ್ರಾಧ್ಯಾಪಕರಿಗೆ ನಾವು ಮೀನಿನ ಬಗ್ಗೆಯೇ ಏನೋ ಗಹನವಾಗಿ ಮಾತನಾಡುತ್ತಿದ್ದೇವೆ ಅನ್ನಿಸಿರಬೇಕು.

ಸದಾಶಿವ ಪೇಠದ ಒಂದು ಹಳೆಯ ವಾಡೆಯಲ್ಲಿ ಮಾಳಿಗೆಯ ಮೇಲೊಂದು ಕೋಣೆ ಹಿಡಿದೆ. ನಾನು ಮೀನಿನ ಮೇಲೆ ಸಂಶೋಧನೆ ಮಾಡುವವಳು ಎಂದು ಗೊತ್ತಾದ ದಿನದಿಂದ ಮನೆಯೊಡತಿ ನನ್ನ ಚಪ್ಪಲಿಯನ್ನು ತುಳಸಿಕಟ್ಟೆಯ ಹತ್ತಿರ ಬಿಡಗೊಡಲಿಲ್ಲ. ನಾನು ಮೀನು ತಿನ್ನುವುದಿಲ್ಲ ಅಜ್ಜಿ, ಬರೀ ಕೊಯ್ಯುತ್ತೇನೆ ಎಂದು ಸಮಜಾಯಿಷಿ ಹೇಳಿದೆ. ಅದರಿಂದ ನನ್ನ ಮರ್ಯಾದೆ ಇನ್ನಷ್ಟು ಕಡಿಮೆಯಾಯಿತು.

ಆ ಊರಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದವರು ಗೈಡ್ ಸರ್ ಅವರ ಹೆಂಡತಿ. ಅತ್ತಿಗೆಯನ್ನು ಕರೆಯುವಂತೆ ನಾನು ಅವರನ್ನು ವೈನಿ ಎನ್ನುತ್ತಿದ್ದೆ. ಭಾನುವಾರ ಅವರ ಮನೆಯಲ್ಲೇ ನನ್ನ ಊಟ. ಬಿಸಿ ಭಕ್ಕರಿ, ಎಣಗಾಯಿ, ಶೇಂಗಾ ಚಟ್ನಿ, ಮೇಲೆ ಗಟ್ಟಿ ಮೊಸರು. ಒಮ್ಮೆ ಟೈಫಾಯ್ಡ್ ಆಗಿ ಮಲಗಿದಾಗ ನನ್ನನ್ನು ರಿಕ್ಷಾದಲ್ಲಿ ಎತ್ತಿ ಹಾಕಿಕೊಂಡು ತಮ್ಮ ಮನೆಗೆ ಒಯ್ದು, ನಾನು ಎದ್ದು ಓಡಾಡುವವರೆಗೂ ಗಂಜಿ ಕುಡಿಸಿದವರು ಅವರು. ಮನಸ್ಸಿನಲ್ಲಿ ಕೊಂಕಿಲ್ಲದ ಹೆಂಗಸು. ದೇವರೆಂದರೆ ಮಾತ್ರ ಎಲ್ಲಿಲ್ಲದ ಭಕ್ತಿ. ಹಾಲಿನವನು ತಡವಾಗಿ ಬಂದರೂ ರಾಯರ ಮೇಲೆ ಭಾರ ಹಾಕುತ್ತಿದ್ದರು.

ನಮ್ಮ ಕೆಲಸವನ್ನು ಅವರಿಗೆ ವಿವರಿಸಲು ನಾನು ಬಹಳ ಸಲ ಪ್ರಯತ್ನಪಟ್ಟಿದ್ದೆ. ಮೊದಲಿನ ಕಾಲದಲ್ಲಿ ನೀರು ಕೆಟ್ಟಿದೆಯೇ ಎಂದು ನೋಡಬೇಕಾದರೆ ಅದರಲ್ಲಿ ಮೀನು ಬಿಟ್ಟು ಎಷ್ಟು ಸಾಯುತ್ತವೆ ಎಂದು ನೋಡುತ್ತಿದ್ದರು. ಸತ್ತ ಮೇಲೆ ತಿಳಿದು ಮೀನಿಗೇನು ಪ್ರಯೋಜನ? ಮೀನು ಸಾಯುವುದಕ್ಕಿಂತ ಬಹಳ ಮೊದಲೇ ಅದರ ಒಳಗೆ ಏನಾಗುತ್ತಿದೆ ಎಂದು ನಾವು ಅದರ ಜೀನುಗಳನ್ನೇ ಕೇಳುತ್ತಿದ್ದೆವು. ಮನೆಯಲ್ಲಿ ಯಾರಿಗಾದರೂ ಮೈ ಹುಷಾರಿಲ್ಲದಿದ್ದರೆ ಬೀದಿಯವರಿಗೆ ಗೊತ್ತಾಗುವ ಮೊದಲು ಅಡುಗೆಮನೆಗೆ ಗೊತ್ತಾಗುತ್ತದೆ. ಒಲೆಯ ಮೇಲೆ ಕಷಾಯ ಕುದಿಯುತ್ತಿರುತ್ತದೆ. ಮೀನಿನ ಯಕೃತ್ತೂ ಹಾಗೆಯೇ. ನೀರಿನಲ್ಲಿ ವಿಷಲೋಹ ಸೇರಿದ ಕೂಡಲೇ, ಅದನ್ನು ಹಿಡಿದು ಕಟ್ಟಿಹಾಕುವ ಪ್ರೋಟೀನನ್ನು ಮಾಡಿಸುವ ಜೀನು ಎದ್ದು ಕೆಲಸಕ್ಕೆ ತೊಡಗುತ್ತದೆ. ಮೀನು ಹೊರಗಿನಿಂದ ಆರಾಮಾಗಿ ಈಜುತ್ತಿರುತ್ತದೆ, ಒಳಗೆ ಕಷಾಯ ಕುದಿಯುತ್ತಿರುತ್ತದೆ. ವೈನಿ ಇದನ್ನು ಕೇಳಿ ಪಾಪ ಎನ್ನುತ್ತಿದ್ದರು.

ನಾವು ಸಾಕಿದ್ದು ಬೆರಳುದ್ದವೂ ಇಲ್ಲದ ಪಟ್ಟೆ ಮೀನು. ನಮ್ಮ ಕಾಲುವೆ, ಗದ್ದೆ ಬಯಲಿನಲ್ಲಿ ಬಿಟ್ಟಿ ಬೆಳೆಯುವ ಈ ಮೀನನ್ನು ಪರದೇಶದವರು ಪ್ರಯೋಗಾಲಯದಲ್ಲಿ ಅರಸುಮಕ್ಕಳಂತೆ ಸಾಕಿ, ಅದರ ಜೀನುಗಳನ್ನೆಲ್ಲ ಒಂದು ಗಾಜಿನ ಪಟ್ಟಿಯ ಮೇಲೆ ಚುಕ್ಕಿ ಚುಕ್ಕಿಯಾಗಿ ಅಂಟಿಸಿ ಮಾರುತ್ತಿದ್ದರು. ಅದಕ್ಕೆ ಚಿಪ್ ಎಂದು ಹೆಸರು. ಕೆಟ್ಟ ನೀರಿನ ಮೀನಿನ ಯಕೃತ್ತಿನಿಂದ ತೆಗೆದ ಜೀನಿನ ಸರಕಿಗೆ ಕೆಂಪು ಬಣ್ಣ, ಶುದ್ಧ ನೀರಿನ ಮೀನಿನ ಸರಕಿಗೆ ಹಸಿರು ಬಣ್ಣ ಕೊಟ್ಟು ಎರಡನ್ನೂ ಆ ಪಟ್ಟಿಯ ಮೇಲೆ ಹರಿಸಬೇಕು. ಕೆಟ್ಟ ನೀರಿನಲ್ಲಿ ಎಚ್ಚೆತ್ತ ಜೀನಿನ ಚುಕ್ಕಿ ಕೆಂಪಾಗಿ ಹೊಳೆಯುತ್ತದೆ. ಎರಡೂ ಕಡೆ ಒಂದೇ ಸಮ ಇದ್ದರೆ ಹಳದಿ. ಹೋಲಿಕೆಯ ಮೇಲೆಯೇ ಎಲ್ಲ ನಿಂತಿದೆ. ಆದ್ದರಿಂದ ಹೋಲಿಸಲು ಇಟ್ಟುಕೊಂಡ ಶುದ್ಧ ನೀರಿನ ಮೀನು, ಅಂದರೆ ಕಂಟ್ರೋಲ್, ನಿಜಕ್ಕೂ ಶುದ್ಧವಾಗಿರಬೇಕು.

ಇದನ್ನು ನನಗೆ ಕಲಿಸಿದವರು ಸರ್ ಅವರೇ. “ಕಂಟ್ರೋಲ್ ಅಂದ್ರ ಮಡಿ ಇದ್ದಂಗ ನೋಡು. ಮುಟ್ಟಿದ್ರ ಹೋತು,” ಎನ್ನುತ್ತಿದ್ದರು. ಕಂಟ್ರೋಲ್ ತೊಟ್ಟಿಗೆ ಬೇರೆ ಬಲೆ, ಬೇರೆ ಬಕೆಟ್ಟು, ಬೇರೆ ಟವೆಲ್ಲು. ಕೈಗೆ ಬಳೆ ಹಾಕಿಕೊಂಡು ಅದರ ನೀರು ಮುಟ್ಟಿದಳೆಂದು ಒಬ್ಬ ವಿದ್ಯಾರ್ಥಿನಿಯನ್ನು ಎಲ್ಲರೆದುರಿಗೆ ಬೈದು ಅಳಿಸಿದ್ದರು. ಆಗ ನನಗೆ ಅವರ ಮೇಲೆ ದೊಡ್ಡ ಗೌರವ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ನದಿಯ ಕೆಲಸ ನಮ್ಮ ಪಾಲಿಗೆ ಬಂತು. ಸ್ವಾರಗೇಟಿನಿಂದ ದಕ್ಷಿಣಕ್ಕೆ ಹೋಗುವ ಎಸ್ಟಿ ಬಸ್ಸು ಹಿಡಿದರೆ ಅರ್ಧ ದಿನದೊಳಗೆ ಹೋಗಿ ಬರಬಹುದಾದ ಒಂದು ಹಳ್ಳಿ. ಹಳ್ಳಿಯ ಮೇಲುಗಡೆ ಲೋಹಕ್ಕೆ ಲೇಪನ ಕೊಡುವ ಕಾರ್ಖಾನೆ ಬಂದಿತ್ತು. ಅದರ ಪೈಪು ನೇರವಾಗಿ ನದಿಗೆ. ಮೀನು ಹಿಡಿದು ಬದುಕುವ ಮನೆಗಳವರು ಬಲೆಗೆ ಏನೂ ಬೀಳುತ್ತಿಲ್ಲವೆಂದು ಸರ್ಕಾರಕ್ಕೆ ದೂರು ಕೊಟ್ಟು ಕೊಟ್ಟು ಸುಸ್ತಾಗಿದ್ದರು. ಕೊನೆಗೆ ಪುಣೆಯ ಶಿವಾಜಿನಗರದ ಒಂದು ಸರ್ಕಾರಿ ಕಚೇರಿ ನಮ್ಮ ಪ್ರಯೋಗಾಲಯಕ್ಕೆ ಪರೀಕ್ಷೆ ಒಪ್ಪಿಸಿತು. ಕರಾರು ಸರಳವಾಗಿತ್ತು. ಆ ನೀರು ಮೀನಿಗೆ ಕೇಡು ಮಾಡುತ್ತಿದೆ ಎಂದು ನಮ್ಮ ವರದಿ ಹೇಳಿದರೆ ಪೈಪು ಬಂದ್. ಹೇಳದಿದ್ದರೆ ದೂರು ವಜಾ. ಇದು ಕಾರ್ಖಾನೆಗೂ ಗೊತ್ತು, ಹಳ್ಳಿಗೂ ಗೊತ್ತು.

ನೀರು ತರುವ ಕೆಲಸ ನನ್ನದು. ಪ್ಲಾಸ್ಟಿಕ್ ಕ್ಯಾನುಗಳಲ್ಲಿ ತುಂಬಿ ಬಸ್ಸಿನಲ್ಲೇ ತರುತ್ತಿದ್ದೆ. ಅದರ ವಾಸನೆಗೆ ಕಂಡಕ್ಟರು ಮೂಗು ಮುಚ್ಚಿಕೊಂಡು ನನ್ನನ್ನು ಹಿಂದಿನ ಸೀಟಿಗೆ ಅಟ್ಟುತ್ತಿದ್ದ. ಮಹಾರಾಷ್ಟ್ರದ ಎಸ್ಟಿಯಲ್ಲಿ ಒಂದು ಇಡೀ ಸೀಟು ಒಬ್ಬಳಿಗೇ ಸಿಕ್ಕ ಭಾಗ್ಯ ನನ್ನದು.

ಹಳ್ಳಿಯಲ್ಲಿ ನನಗೆ ದಂಡೆ ತೋರಿಸಿ, ಮೊಣಕಾಲ ನೀರಿಗಿಳಿದು ಕ್ಯಾನು ತುಂಬಿಸಿ ಕೊಡುತ್ತಿದ್ದವಳು ಒಬ್ಬ ಅಂಬಿಗರ ಹೆಣ್ಣುಮಗಳು. ಇಂಡಿ ಕಡೆಯವಳು, ಈ ಊರಿಗೆ ಮದುವೆಯಾಗಿ ಬಂದವಳು. ನನ್ನ ಮರಾಠಿ ಕೇಳಿದ ಕೂಡಲೇ ಇವಳು ನಮ್ಮ ಕಡೆಯವಳೆಂದು ಗುರುತು ಹಿಡಿದು ಕನ್ನಡಕ್ಕೆ ಇಳಿದಳು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳಿರಬೇಕು, ತಂಗಿ ಎನ್ನುತ್ತಿದ್ದಳು. ಗಂಡ ಬಲೆ ಮಡಚಿಟ್ಟು ಇಟ್ಟಿಗೆ ಭಟ್ಟಿಗೆ ಹೋಗುತ್ತಿದ್ದ. ಅದು ಅವಳಿಗೆ ಬಹಳ ನಾಚಿಕೆಯ ವಿಷಯ. ನಿಮ್ಮ ವರದಿ ಬಂದರೆ ಪೈಪು ನಿಲ್ಲಿಸುತ್ತಾರಂತೆ, ನಿಜವೇ ಎಂದು ಪ್ರತಿ ಸಲ ಕೇಳುತ್ತಿದ್ದಳು. ಮೀನಿಗೆ ತ್ರಾಸಾಗುತ್ತಿದ್ದರೆ ವರದಿಯಲ್ಲಿ ಬಂದೇ ಬರುತ್ತದೆ, ಮೀನು ಸುಳ್ಳು ಹೇಳುವುದಿಲ್ಲ ಎಂದು ನಾನು ಜಂಬದಿಂದ ಹೇಳುತ್ತಿದ್ದೆ.

ಪ್ರಯೋಗಾಲಯದಲ್ಲಿ ನದಿಯ ನೀರಿನ ತೊಟ್ಟಿಯನ್ನು ಹಿಂದಿನ ಮೂಲೆಯಲ್ಲಿ, ಮುಚ್ಚಳ ಹಾಕಿ ಇಟ್ಟಿದ್ದೆವು. ಯಾರೂ ಅತ್ತ ಸುಳಿಯುತ್ತಿರಲಿಲ್ಲ. ಶುದ್ಧ ನೀರಿನ ತೊಟ್ಟಿಗೆ ಕಿಟಕಿಯ ಪಕ್ಕದ ಬೆಳಕಿನ ಜಾಗ, ಮೇಲೆ ಸರಸ್ವತಿಯ ಫೋಟೋ. ನೋಡಲು ಬಂದವರೆಲ್ಲ ಅದರ ಮುಂದೆಯೇ ನಿಲ್ಲುತ್ತಿದ್ದರು. ಪ್ರಯೋಗ ಶುರುವಾಗಿ ಕೆಲವು ದಿನವಾದ ಮೇಲೆ ದಸರೆ ಬಂತು. ಮೀನಿಗೆ ಆಹಾರ ಹಾಕುವುದನ್ನು ಅಟೆಂಡರಿಗೆ ಒಪ್ಪಿಸಿ ಬನ್ನಿ ಹಬ್ಬಕ್ಕೆಂದು ಧಾರವಾಡಕ್ಕೆ ಹೋದೆ.

ನಮ್ಮಲ್ಲಿ ಪ್ರತಿ ವರ್ಷ ಖಂಡೇನವಮಿಗೆ ಉಪಕರಣಗಳ ಪೂಜೆ ತಪ್ಪುತ್ತಿರಲಿಲ್ಲ. ಗರಗರ ತಿರುಗುವ ಸೆಂಟ್ರಿಫ್ಯೂಜಿಗೆ ಝೆಂಡು ಹೂವಿನ ಮಾಲೆ, ಸೂಕ್ಷ್ಮದರ್ಶಕಕ್ಕೆ ಅರಿಷಿಣ ಕುಂಕುಮ, ಫ್ರೀಜರಿನ ಬಾಗಿಲಿಗೆ ಸ್ವಸ್ತಿಕ. ಅದನ್ನು ನೋಡಿ ನಗುವವರಲ್ಲಿ ನಾನಿರಲಿಲ್ಲ. ಅಪ್ಪ ಸೈಕಲ್ಲಿಗೆ ಪೂಜೆ ಮಾಡುವುದನ್ನು ನೋಡಿ ಬೆಳೆದವಳು. ಪೇಢೆಯ ಡಬ್ಬಿ ಹಿಡಿದುಕೊಂಡು ಹಬ್ಬ ಮುಗಿಸಿ ಬಂದು ಪ್ರಯೋಗಾಲಯದ ಬಾಗಿಲು ತೆರೆದೆ. ಮೊದಲು ಕಣ್ಣಿಗೆ ಬಿದ್ದದ್ದು ಶುದ್ಧ ತೊಟ್ಟಿ.

ಗಾಜಿನ ಮೇಲೆ ಎಣ್ಣೆಯಲ್ಲಿ ಕಲಸಿದ ಸಿಂಧೂರದ ದೊಡ್ಡ ಸ್ವಸ್ತಿಕ. ಮೇಲಂಚಿಗೆ ಹಚ್ಚಿದ್ದು ಒಳಗಡೆಗೂ ಇಳಿದಿತ್ತು. ನೀರಿಗೆ ತೆಳುವಾದ ಕೆಂಪು. ಗಾಳಿ ಊದುವ ಪಂಪಿನ ಬಾಯಿಗೆ ಒಂದು ಕೊಳೆತ ಝೆಂಡು ಹೂವು ಸಿಕ್ಕಿಕೊಂಡಿತ್ತು. ತಳದಲ್ಲಿ ಕುಂಕುಮ ಕೂತಿತ್ತು, ಅಕ್ಕಿ ಕಾಳು ಉಬ್ಬಿಕೊಂಡಿತ್ತು. ಮೀನುಗಳು ಆ ಕುಂಕುಮವನ್ನು ಆಹಾರವೆಂದು ಬಾಯಲ್ಲಿ ಎತ್ತಿ ಎತ್ತಿ ಉಗುಳುತ್ತಿದ್ದವು. ಹಿಂದಿನ ಮೂಲೆಯ ನದಿ ನೀರಿನ ತೊಟ್ಟಿಗೆ ಒಂದು ಎಸಳು ಹೂವೂ ಬಿದ್ದಿರಲಿಲ್ಲ. ಹೊಲಸು ನೀರಿಗೆ ಯಾರು ಪೂಜೆ ಮಾಡುತ್ತಾರೆ?

ಅಟೆಂಡರನ್ನು ಕರೆದು ಕೇಳಿದೆ. ಅವನು ನಿಧಾನವಾಗಿ ಬಾಯಿ ಬಿಟ್ಟ. ಆರತಿಗೆ ವೈನಿ ಬಂದಿದ್ದರಂತೆ. ಎಲ್ಲ ಯಂತ್ರಗಳಿಗೂ ಕುಂಕುಮ ಹಚ್ಚಿದ ಮೇಲೆ ತೊಟ್ಟಿಯ ಮುಂದೆ ನಿಂತು, ಮೀನೆಂದರೆ ಸಾಕ್ಷಾತ್ ವಿಷ್ಣುವಿನ ಮೊದಲ ಅವತಾರ, ಕಬ್ಬಿಣಕ್ಕೆ ಪೂಜೆ ಮಾಡಿ ಜೀವ ಇರುವ ದೇವರನ್ನು ಬಿಡುವುದು ಹೇಗೆ ಎಂದರಂತೆ. ಕೈ ತುಂಬ ಅರಿಷಿಣ ಕುಂಕುಮ, ಅಕ್ಷತೆ ಹಾಕಿದರಂತೆ. ಸರ್ ಎಲ್ಲಿದ್ದರು ಎಂದು ಕೇಳಿದೆ. ಪಕ್ಕದಲ್ಲೇ ನಿಂತು ಗಂಟೆ ಬಾರಿಸುತ್ತಿದ್ದರು ಎಂದ.

ಬಳೆ ಹಾಕಿದ ಕೈ ಮುಟ್ಟಿದ್ದಕ್ಕೆ ಹುಡುಗಿಯನ್ನು ಅಳಿಸಿದ ಮನುಷ್ಯ ಗಂಟೆ ಬಾರಿಸುತ್ತ ನಿಂತಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ಸರ್ ಅವರ ಕೋಣೆಗೆ ಹೋಗಿ ಈ ಮೀನುಗಳು ಕೆಲಸಕ್ಕೆ ಬಾರವು, ಅಗ್ಗದ ಸಿಂಧೂರ ಕುಂಕುಮದಲ್ಲಿ ಸೀಸ, ಪಾದರಸ ಎಲ್ಲ ಇರುತ್ತದೆ, ನಾವು ಹುಡುಕುತ್ತಿರುವುದೂ ಲೋಹವನ್ನೇ, ಎಲ್ಲ ಚೆಲ್ಲಿ ಮೊದಲಿನಿಂದ ಶುರು ಮಾಡಬೇಕು ಎಂದೆ. ಅವರಿಗೆ ಅಲ್ಲಿಯವರೆಗೆ ಇದು ಹೊಳೆದಿರಲಿಲ್ಲ ಅನ್ನುವುದು ಮುಖದ ಮೇಲೆ ಕಂಡಿತು. ಆದರೆ ಹೊಳೆದದ್ದನ್ನು ಒಳಗೇ ನುಂಗಿಕೊಂಡರು. ಚಿಪ್‌ಗಳ ಅವಧಿ ಮುಗಿಯುತ್ತ ಬಂದಿದೆ, ಅವನ್ನು ಓದುವ ಯಂತ್ರ ಬೇರೆ ಸಂಸ್ಥೆಯಲ್ಲಿದೆ, ಅಲ್ಲಿ ನಮ್ಮ ಸರದಿ ತಪ್ಪಿದರೆ ಮತ್ತೆ ಸಿಗುವುದು ಯಾವಾಗಲೋ, ವರದಿಗೆ ಕಚೇರಿಯವರು ಕುತ್ತಿಗೆಯ ಮೇಲೆ ಕೂತಿದ್ದಾರೆ ಎಂದರು. ನೀರು ಬದಲಿಸಿ ಮುಂದೆ ನಡೆ ಎಂದರು. ಚಿಟಿಕೆ ಕುಂಕುಮಕ್ಕೆ ಇಷ್ಟು ದೊಡ್ಡ ರಾಮಾಯಣ ಬೇಡ ಎಂದರು.

ನೀರು ಬದಲಿಸಿದರೂ ಮೀನಿನ ಯಕೃತ್ತು ಮರೆಯುವುದಿಲ್ಲ. ಯಂತ್ರದ ಸರದಿ ಬಂದಾಗ ಪರದೆಯ ಮೇಲೆ ಚುಕ್ಕಿಗಳು ಮೂಡಿದವು. ಕಾರ್ಖಾನೆಯ ನೀರಿನಲ್ಲಿದ್ದ ಮೀನಿನಲ್ಲಿ ಲೋಹ ಹಿಡಿಯುವ ಜೀನು ಎಷ್ಟು ಎಚ್ಚೆತ್ತಿತ್ತೋ, ಪೂಜೆ ಮಾಡಿಸಿಕೊಂಡ ಮೀನಿನಲ್ಲೂ ಅಷ್ಟೇ ಎಚ್ಚೆತ್ತಿತ್ತು. ಕೆಂಪಾಗಬೇಕಿದ್ದ ಚುಕ್ಕಿಗಳೆಲ್ಲ ಹಳದಿ. ಯಂತ್ರ ನಡೆಸುವ ಹುಡುಗಿ ನಿಮ್ಮ ನದಿ ಚೆನ್ನಾಗಿದೆ ಕಣ್ರೀ ಎಂದು ಬೆಂಗಳೂರಿನ ಕನ್ನಡದಲ್ಲಿ ಸಮಾಧಾನ ಹೇಳಿದಳು.

ನಾನು ಬಿಡಲಿಲ್ಲ. ಪೂಜೆಯ ಸಾಮಾನಿನ ಡ್ರಾಯರಿನಲ್ಲಿ ಅದೇ ಕುಂಕುಮದ, ಅದೇ ಸಿಂಧೂರದ ಪೊಟ್ಟಣಗಳು ಉಳಿದಿದ್ದವು. ಹೊಸ ಮೀನು ತಂದು, ಒಂದು ತೊಟ್ಟಿಗೆ ಬರೀ ನೀರು, ಇನ್ನೊಂದಕ್ಕೆ ನೀರಿನ ಜೊತೆ ಆ ಪುಡಿಗಳನ್ನು ಹಾಕಿದೆ. ಚಿಪ್ ಇರಲಿಲ್ಲ, ಆದರೆ ಒಂದೇ ಜೀನನ್ನು ನೋಡುವ ಹಳೆಯ ಪದ್ಧತಿ ಇತ್ತು. ಜೀನು ಎಚ್ಚರವಾಗಿದ್ದರೆ ಜೆಲ್ಲಿನ ಮೇಲೆ ಒಂದು ಬೆಳ್ಳಗಿನ ಪಟ್ಟಿ ಕಾಣುತ್ತದೆ, ಮಲಗಿದ್ದರೆ ಕಾಣುವುದಿಲ್ಲ. ಬರೀ ನೀರಿನ ಮೀನಿನಲ್ಲಿ ಏನೂ ಇಲ್ಲ. ಕುಂಕುಮದ ಮೀನಿನಲ್ಲಿ ಪಟ್ಟಿ ನಿಗಿನಿಗಿ ಹೊಳೆಯಿತು. ಸರ್ ಅವರನ್ನು ಕತ್ತಲೆ ಕೋಣೆಗೆ ಕರೆದುಕೊಂಡು ಹೋಗಿ ತೋರಿಸಿದೆ.

ಅವರು ಬಗ್ಗಿ ಬಹಳ ಹೊತ್ತು ನೋಡಿದರು. ಒಳ್ಳೆಯ ವಿಜ್ಞಾನಿ ಅವರು, ಅದನ್ನು ಇಲ್ಲ ಎನ್ನಲಾರೆ. ಪಟ್ಟಿ ಇದೆ ಎಂದು ಒಪ್ಪಿಕೊಂಡರು. ಆಮೇಲೆ ಜೆಲ್ಲಿನ ದೀಪ ಆರಿಸಿ ಕೋಣೆಯ ದೀಪ ಹಾಕಿದರು.

“ಇದನ್ನ ಏನಂತ ಬರೀಲಿ? ಪೂಜಾ ಮಾಡಿ ನಮ್ಮ ಕಂಟ್ರೋಲ್ ನಾವ ಕೆಡಿಸಿಕೊಂಡಿವಿ ಅಂತ ಬರೀಲೇನು? ಓದಿದವರು ಭಾಳ ನಗತಾರ,” ಎಂದರು. ನಗಲಿ ಸರ್, ಪೈಪು ನಿಲ್ಲುತ್ತದಲ್ಲ ಎಂದೆ. ಅವರು ನನ್ನ ಹಣೆಯ ಕುಂಕುಮವನ್ನೇ ನೋಡುತ್ತ, “ಮೊದಲ ನಿನ್ನ ಹಣಿ ಮ್ಯಾಲಿಂದು ಅಳಿಸಿಕೊಂಡು ಬಾ, ಆಮ್ಯಾಲೆ ವಿಷದ ಮಾತ ಆಡೋಣ,” ಎಂದರು.

ವರದಿ ಸಿದ್ಧವಾಯಿತು. ನದಿಯ ನೀರಿನಲ್ಲಿ ಇಟ್ಟ ಮೀನಿಗೂ ಶುದ್ಧ ನೀರಿನಲ್ಲಿ ಇಟ್ಟ ಮೀನಿಗೂ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಇಷ್ಟೇ ಅದರ ಸಾರ. ಅದರಲ್ಲಿ ಒಂದು ಅಂಕೆಯೂ ತಿದ್ದಿದ್ದಲ್ಲ, ಒಂದು ಚಿತ್ರವೂ ಕದ್ದದ್ದಲ್ಲ. ಈಗಲೂ ಯಾರಾದರೂ ಕೂತು ಪರೀಕ್ಷೆ ಮಾಡಿದರೆ ಎಲ್ಲ ಸರಿಯಾಗಿಯೇ ಇರುತ್ತದೆ. ಹೀಗೆ ಒಂದೂ ಸುಳ್ಳು ಹೇಳದೆ ಒಂದು ಊರಿನ ಕತ್ತು ಕೊಯ್ಯಬಹುದು ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ನನ್ನ ಹೆಸರು ಹಾಕಬೇಡಿ ಎಂದೆ. ಆಗಲಿ ಎಂದು ಆ ಕ್ಷಣವೇ ತೆಗೆದರು. ಜೊತೆಗೆ ನನ್ನ ಪಿಎಚ್.ಡಿ. ಕೂಡ ಹೋದಂತೆಯೇ ಎಂದು ಇಬ್ಬರಿಗೂ ತಿಳಿದಿತ್ತು.

ಪುಣೆಯ ನಮ್ಮ ಕನ್ನಡದವರಲ್ಲಿ ಸುದ್ದಿ ಹಬ್ಬಲು ಬಹಳ ಹೊತ್ತು ಬೇಕಾಗಲಿಲ್ಲ. ಊರವಳೆಂದು ಕರೆದು ಜಾಗ ಕೊಟ್ಟು, ಬೇನೆ ಬಂದಾಗ ಮನೆಯಲ್ಲಿ ಮಲಗಿಸಿಕೊಂಡವರ ಮೇಲೆಯೇ ತಿರುಗಿ ಬಿದ್ದಳು ಎಂದು ನನ್ನ ಬಗ್ಗೆ ಮಾತು. ಧಾರವಾಡದಿಂದ ಅವ್ವ ಫೋನು ಮಾಡಿ, ನಮ್ಮವರ ಮಾನ ಕಳೆಯುವಂಥದ್ದು ಏನಿತ್ತು ಎಂದು ಕೇಳಿದಳು. ನಮ್ಮವರು ಎಂಬ ಆ ಶಬ್ದ ಕೇಳಿದರೆ ನನಗೆ ಇವತ್ತಿಗೂ ಬಾಯಿ ಕಹಿಯಾಗುತ್ತದೆ. ಆ ನದಿಯಲ್ಲಿ ಮೊಣಕಾಲವರೆಗೆ ಇಳಿದು ಕ್ಯಾನು ತುಂಬಿಸಿ ಕೊಟ್ಟವಳೂ ಕನ್ನಡದವಳೇ. ಅವಳನ್ನು ಯಾರೂ ನಮ್ಮವಳು ಎನ್ನಲಿಲ್ಲ.

ವೈನಿ ಒಂದು ದಿನ ವಾಡೆಯ ಮೆಟ್ಟಿಲು ಹತ್ತಿ ನನ್ನ ಕೋಣೆಗೆ ಬಂದರು. ಕೈಯಲ್ಲಿ ಎಂದಿನಂತೆ ಡಬ್ಬಿ ಇತ್ತು. ವೈನಿಗೆ ಸರ್ ಎಲ್ಲ ಹೇಳಿದ್ದರು, ತಮಗೆ ಬೇಕಾದ ಹಾಗೆ ಹೇಳಿದ್ದರು. ಕೂತುಕೊಳ್ಳಿ ಎಂದರೂ ಕೂರಲಿಲ್ಲ.

“ನಾ ಕೈ ಮುಗಿದು ಹಾಕಿದ್ದು. ಅವಕ್ಕ ಕೇಡ ಬಯಸಿದ್ನೇನು?” ಎಂದರು.

ಇಲ್ಲ ವೈನಿ, ನೀವು ಪ್ರೀತಿಯಿಂದ ಹಾಕಿದಿರಿ, ಆದರೆ ಮೀನಿನ ಮೈಗೆ ಪ್ರೀತಿ ಗೊತ್ತಾಗುವುದಿಲ್ಲ, ಸೀಸ ಗೊತ್ತಾಗುತ್ತದೆ ಎಂದೆ. ಇನ್ನೂ ಮೆತ್ತಗೆ ಹೇಳಬಹುದಿತ್ತೇನೋ. ಹೇಗೆ ಹೇಳಿದರೂ ಅವರಿಗೆ ಕೇಳುತ್ತಿದ್ದದ್ದು ಒಂದೇ. ತಮ್ಮ ಕುಂಕುಮವನ್ನು ನಾನು ವಿಷ ಎನ್ನುತ್ತಿದ್ದೇನೆ. ಡಬ್ಬಿಯನ್ನು ಮೇಜಿನ ಮೇಲಿಟ್ಟು ಹೋದರು. ಒಳಗೆ ಹುರಕ್ಕಿ ಹೋಳಿಗೆ ಇತ್ತು. ಅದಾದ ಮೇಲೆ ಅವರು ನನ್ನ ಜೊತೆ ಮಾತನಾಡಲಿಲ್ಲ. ಇಡೀ ಪ್ರಕರಣದಲ್ಲಿ ತಪ್ಪಿಲ್ಲದವರು ಅವರೊಬ್ಬರೇ, ನಾನು ಕಳೆದುಕೊಂಡವರಲ್ಲಿ ಈಗಲೂ ದುಃಖವಿರುವುದು ಅವರೊಬ್ಬರ ಬಗ್ಗೆಯೇ.

ಶಿವಾಜಿನಗರದ ಕಚೇರಿಯಲ್ಲಿ ವಿಚಾರಣೆ ಇಟ್ಟರು. ಹಳ್ಳಿಯವರು ಬೆಳಗಿನ ಬಸ್ಸಿಗೆ ಬಂದು ಹಿಂದಿನ ಬೆಂಚುಗಳಲ್ಲಿ ಒತ್ತಾಗಿ ಕೂತಿದ್ದರು. ಕ್ಯಾನು ತುಂಬಿಸಿ ಕೊಡುತ್ತಿದ್ದವಳೂ ಬಂದಿದ್ದಳು, ಹಬ್ಬದ ಇಳಕಲ್ ಸೀರೆ ಉಟ್ಟುಕೊಂಡು. ನನ್ನನ್ನು ಕಂಡು ಪಕ್ಕದವಳಿಗೆ ತೋರಿಸಿ ಏನೋ ಹೇಳಿದಳು. ನಮ್ಮ ಕಡೆ ಮಾತನಾಡಲು ಬಂದವಳು ಎಂದೇ ಇರಬೇಕು. ಕಾರ್ಖಾನೆಯ ವಕೀಲರು ನಮ್ಮ ವರದಿಯ ಆ ಸಾಲನ್ನು ಮರಾಠಿಗೆ ಅನುವಾದಿಸಿ, ಹಿಂದಿನ ಬೆಂಚಿಗೆ ಕೇಳಲೆಂದು ಇನ್ನೊಮ್ಮೆ ಗಟ್ಟಿಯಾಗಿ ಓದಿದರು. ಜೀನಿನ ಮಟ್ಟದಲ್ಲಿ ನೋಡಿದರೂ ನದಿ ಶುದ್ಧ, ಇದಕ್ಕಿಂತ ಸೂಕ್ಷ್ಮ ಪರೀಕ್ಷೆ ಪ್ರಪಂಚದಲ್ಲಿಲ್ಲ ಎಂದರು. ಸರ್ ಮುಂದಿನ ಸಾಲಿನಲ್ಲಿ ಕೂತು ಫ್ಯಾನು ನೋಡುತ್ತಿದ್ದರು.

ನಾನು ಎದ್ದು ನಿಂತೆ. ಯಾರು ನೀವು ಎಂದು ಅಧಿಕಾರಿ ಕೇಳಿದರು. ಈ ಮೀನುಗಳನ್ನು ಸಾಕಿದವಳು ಎಂದೆ. ನಡೆದದ್ದನ್ನು ಮರಾಠಿಯಲ್ಲಿ ಹೇಳಿದೆ. ಹಬ್ಬ, ಪೂಜೆ, ಕುಂಕುಮ, ನಾನು ಆಮೇಲೆ ಮಾಡಿದ ಪರೀಕ್ಷೆ. ಕುಂಕುಮ ಎಂಬ ಮಾತು ಬಂದ ಕೂಡಲೇ ಯಾರೋ ಕಿಸಕ್ಕೆಂದರು. ನಗು ಕೋಣೆಯೆಲ್ಲ ಹರಡಿತು. ಅಧಿಕಾರಿಯೂ ಕರವಸ್ತ್ರ ತೆಗೆದು ಬಾಯಿ ಒರೆಸಿಕೊಂಡರು. ಸರ್ ಹೇಳಿದ್ದು ಖರೇ ಆಗಿತ್ತು, ನಗುತ್ತಾರೆ. ಅವರಿಗಲ್ಲ, ನನಗೆ.

ವಕೀಲರು ಮಾತ್ರ ನಗಲಿಲ್ಲ. ಬಹಳ ವಿನಯದಿಂದ, ಹಾಗಾದರೆ ನೀರಿಗೆ ಬಿದ್ದ ಕುಂಕುಮದಿಂದ ಮೀನಿಗೆ ಕೇಡಾಗುತ್ತದೆ ಎಂದು ನೀವು ಪ್ರಯೋಗ ಮಾಡಿಯೇ ಹೇಳುತ್ತಿದ್ದೀರಿ ಅಲ್ಲವೇ ಎಂದು ಕೇಳಿದರು. ಹೌದು ಎಂದೆ. ಕಾರ್ಖಾನೆಯ ನೀರಿನಿಂದ ಆಗುವಷ್ಟೇ ಕೇಡು ಎಂದರು. ಹೌದು, ಆದ್ದರಿಂದಲೇ ವ್ಯತ್ಯಾಸ ಕಾಣಲಿಲ್ಲ, ಎರಡೂ ವಿಷ, ಅದನ್ನೇ ಹೇಳುತ್ತಿರುವುದು ಎಂದೆ. ನನಗೆ ಗೆದ್ದೆ ಅನ್ನಿಸಿತ್ತು. ವಕೀಲರು ಅಧಿಕಾರಿಯ ಕಡೆ ತಿರುಗಿ, ನದಿಗೆ ಕುಂಕುಮ ಹಾಕುವವರು ನಮ್ಮ ಕಾರ್ಖಾನೆಯವರಲ್ಲ ಸ್ವಾಮಿ, ಇದನ್ನೂ ದಾಖಲು ಮಾಡಿಕೊಳ್ಳಿ ಎಂದು ಕೈ ಮುಗಿದು ಕೂತರು. ನಾನು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಊಟದ ಹೊತ್ತಾಯಿತೆಂದು ಎಲ್ಲರೂ ಎದ್ದರು.

ದೂರು ವಜಾ ಆಯಿತು. ನಾನು ಪ್ರಯೋಗಾಲಯ ಬಿಟ್ಟು ಸದಾಶಿವ ಪೇಠದ ಒಂದು ಕೋಚಿಂಗ್ ಕ್ಲಾಸಿನಲ್ಲಿ ಜೀವಶಾಸ್ತ್ರ ಹೇಳಿಕೊಡಲು ಸೇರಿದೆ. ಪ್ರಯೋಗದಲ್ಲಿ ಕಂಟ್ರೋಲ್ ಎಂದರೇನು ಎಂಬ ಪ್ರಶ್ನೆ ಪ್ರತಿ ವರ್ಷ ಬರುತ್ತದೆ. ಪುಸ್ತಕದಲ್ಲಿ ಇದ್ದದ್ದನ್ನು ಬರೆಸುತ್ತೇನೆ.

ಮರುವರ್ಷ ಮಳೆ ಶುರುವಾದ ಮೇಲೆ ಒಂದು ರವಿವಾರ ಸ್ವಾರಗೇಟಿಗೆ ಹೋಗಿ ಆ ಊರಿನ ಬಸ್ಸು ಹತ್ತಿದೆ. ಅಂಬಿಗರ ಆ ಹೆಣ್ಣುಮಗಳಿಗೆ ನಡೆದದ್ದನ್ನು ಸಮಾಧಾನದಿಂದ ತಿಳಿಸಿ ಹೇಳಬೇಕು, ಇನ್ನೊಂದು ಅರ್ಜಿ ಹಾಕಲು ಊರವರನ್ನು ಒಪ್ಪಿಸಬೇಕು ಎಂದುಕೊಂಡಿದ್ದೆ. ನದಿಯ ಮೆಟ್ಟಿಲ ಹತ್ತಿರ ಒಂದು ಹೊಸ ಫಲಕ ನಿಂತಿತ್ತು. ನಗುವ ಮೀನಿನ ಚಿತ್ರ. ಅರಿಷಿಣ, ಕುಂಕುಮ, ಹೂವು ನೀರಿಗೆ ಹಾಕಬಾರದು, ಇವು ಮೀನುಗಳಿಗೆ ವಿಷವೆಂದು ವಿಜ್ಞಾನಿಗಳು ಸಾಬೀತುಪಡಿಸಿದ್ದಾರೆ, ಹಾಕಿದವರಿಗೆ ದಂಡ. ಕೆಳಗೆ ಜನಹಿತಕ್ಕಾಗಿ ಎಂದು ಬರೆದು ಕಾರ್ಖಾನೆಯ ಹೆಸರು. ಕಾವಲಿಗೆ ಅವರದೇ ಒಬ್ಬ ಮನುಷ್ಯ ಕುರ್ಚಿ ಹಾಕಿಕೊಂಡು ಕೂತಿದ್ದ. ಅವನ ಬೆನ್ನ ಹಿಂದೆ ಪೈಪಿನ ನೀರು ಬೀಳುತ್ತಿತ್ತು.

ಅವಳು ಬಟ್ಟೆ ಹಿಂಡುತ್ತಿದ್ದಳು. ನನ್ನನ್ನು ನೋಡಿ ಎದ್ದಳು, 'ತಂಗಿ' ಎನ್ನಲಿಲ್ಲ. ಬರ್ರಿ ಎಂದಳು. ಹೊಸ ನೀರು ಬಂದಾಗ ಊರಿನ ಹೆಣ್ಣುಮಕ್ಕಳೆಲ್ಲ ಗಂಗವ್ವನಿಗೆ ಉಡಿ ತುಂಬುವುದು, ಕುಂಕುಮ ಬಿಡುವುದು ಅವಳ ಅತ್ತೆಯ ಅತ್ತೆಯ ಕಾಲದಿಂದ ನಡೆದದ್ದಂತೆ. ಈ ವರ್ಷ ಆ ಕಾವಲಿನವನು ಮೊರಗಳನ್ನು ಕಸಿದುಕೊಂಡು, ನಿಮ್ಮ ಕುಂಕುಮದಿಂದಲೇ ಮೀನು ಸತ್ತದ್ದು, ಪುಣೆಯ ಮೇಡಂ ಎಲ್ಲರೆದುರಿಗೆ ಹೇಳಿದ್ದಾರೆ ಎಂದು ಬೈದು ಓಡಿಸಿದನಂತೆ. ನಾನು ಹಾಗೆ ಹೇಳಲಿಲ್ಲ ಎಂದು ಶುರು ಮಾಡಿದೆ. ಚಿಪ್, ಜೀನು, ಹೋಲಿಕೆ, ತೊಟ್ಟಿ ಎಂದು ಏನೇನೋ ಹೇಳಿದೆ. ಅವಳು ಅಡ್ಡ ಬಾರದೆ ಕೊನೆಯವರೆಗೆ ಕೇಳಿದಳು.

“ಅಲ್ಲೇ ಕುಂತಿದ್ನೆಲ್ಲರಿ ನಾ, ಕೇಳೀನಿ. ಎರಡೂ ವಿಷ ಅಂದ್ರಿ. ಅವರದು ಹಂಗ ಉಳೀತು, ನಮ್ಮದು ನಿಂತಹೋತು,” ಎಂದಳು.

ಹಿಂಡಿದ ಬಟ್ಟೆಯನ್ನು ಬುಟ್ಟಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿದಳು. ಹಿಂದಿನಿಂದ ಬಾ ಎಂದು ನನ್ನನ್ನು ಕರೆಯಲಿಲ್ಲ.